ಸ್ಪಷ್ಟನೆ: ಮುತ್ತಜ್ಜನವರ ಜನ್ಮವರ್ಷ 1790 ಅಲ್ಲ

ಕಳೆದ ತಿಂಗಳು ನಾನು ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಹಂಚಿಕೊಂಡ ವಂಶವೃಕ್ಷದಲ್ಲಿ ಮುತ್ತಜ್ಜನವರು 1790ರಲ್ಲಿ ಜನಿಸಿದರೆಂದು ಬರೆದಿದ್ದೆ. ಇದು ತಪ್ಪು. ಅವರ ಮಗ 1894ರಲ್ಲಿ ಹುಟ್ಟಿದ ದಾಖಲೆ ಇರುವುದರಿಂದ, 104ನೇ ವಯಸ್ಸಿನಲ್ಲಿ ತಂದೆಯಾದ ಶತಾಯುಷಿ ಎಂಬ ಸಂದೇಶವೂ ಈಗ ಹರಿದಾಡುತ್ತಿದೆ.

ಮನೆಯಲ್ಲಿರುವ ಜಾತಕವನ್ನು ಮತ್ತೆ ಓದಿದಾಗ, ಮಡಚಿದ ಭಾಗದಲ್ಲಿ ಮಸುಕಾಗಿದ್ದ ಸಾಲಿನಲ್ಲಿ ‘ಶಾಲಿವಾಹನ ಶಕ 1790, ವಿಭವ ಸಂವತ್ಸರ, ಮಾಘ ಶುದ್ಧ ಪಂಚಮಿ’ ಎಂದಿರುವುದು ಕಂಡಿತು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ವರ್ಷ ಸಿಗುತ್ತದೆ. ಆದರೆ ಶಕವರ್ಷ ಯುಗಾದಿಯಿಂದ ಆರಂಭವಾಗುವುದರಿಂದ, ಮಾಘದಂತಹ ಕೊನೆಯ ತಿಂಗಳುಗಳಿಗೆ ಸಾಮಾನ್ಯವಾಗಿ 79 ಕೂಡಿಸಬೇಕು. ಹೀಗಾಗಿ ಅವರ ಜನನ 1869ರ ಆರಂಭದಲ್ಲಿ, ಅಂದರೆ ಮಗ ಹುಟ್ಟಿದಾಗ ಅವರಿಗೆ ಸುಮಾರು 25 ವರ್ಷ. ಸಂವತ್ಸರದ ಹೆಸರೂ ಇದಕ್ಕೆ ಹೊಂದುತ್ತದೆ: 1868ರ ಯುಗಾದಿಯಿಂದ ನಡೆದದ್ದು ವಿಭವವೇ. ಆದರೆ ಅದು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ, 1808 ಮತ್ತು 1928ರಲ್ಲೂ ಇದ್ದುದರಿಂದ, ಹೆಸರೊಂದನ್ನೇ ನಂಬಿ ವರ್ಷ ನಿರ್ಧರಿಸಲಾಗದು.

ಹಿರಿಯರ ಬದುಕು ನಮ್ಮ ಮಕ್ಕಳಿಗೆ ಸರಿಯಾಗಿಯೇ ತಲುಪಬೇಕು. ಹಳೆಯ ವಂಶವೃಕ್ಷದ ಚಿತ್ರವನ್ನು ದಯವಿಟ್ಟು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ; ವಂಶಾವಳಿ ಜಾಲತಾಣಗಳಲ್ಲಿ 1790 ಎಂದು ಸೇರಿಸಿರುವವರು ಅದನ್ನು 1869 ಎಂದು ತಿದ್ದಬೇಕಾಗಿ ಕೋರುತ್ತೇನೆ.