ಗುಲ್ಮಾರ್ಗ್‌ಗೆ ಒಂದು ದಿನ ಸಾಕಾ ಅಂತ ಕೇಳುವವರಿಗೆ

ಇವತ್ತು ಬೆಳಗ್ಗೆ ಫೇಸ್‌ಬುಕ್ 2024ರ ಫೆಬ್ರವರಿಯ ಒಂದು ಫೋಟೊ ಎತ್ತಿ ತೋರಿಸಿತು. ಹಿಮದಲ್ಲಿ ನಾನು ಅಂಗಾತ ಬಿದ್ದಿದ್ದೇನೆ, ಹಿಮದ ಮೇಲೆ ಜಾರಲು ಬೂಟಿಗೆ ಸಿಕ್ಕಿಸುವ ಉದ್ದನೆಯ ಪಟ್ಟಿ, ಅಂದರೆ ಸ್ಕೀ, ಒಂದು ಕಾಲಲ್ಲಿದೆ, ಇನ್ನೊಂದು ಎಲ್ಲೋ ಹೋಗಿದೆ. ಶೇರ್ ಮಾಡಿದ್ದೇ ತಡ, ಇನ್‌ಬಾಕ್ಸ್‌ನಲ್ಲಿ ಮೂರು ಜನ ಒಂದೇ ಪ್ರಶ್ನೆ ಕೇಳಿದ್ದಾರೆ. ಕಾಶ್ಮೀರದ ಗುಲ್ಮಾರ್ಗ್‌ಗೆ ಒಂದು ದಿನ ಸಾಕಾ?

ಸಾಲದು. ಫೋಟೊಕ್ಕೆ ಸಾಕು, ಹಿಮಕ್ಕೆ ಸಾಲದು.

ನಾವು ಐದು ಜನ, ಮೈಸೂರಿನಲ್ಲಿ ಒಂದೇ ಹಾಸ್ಟೆಲ್‌ನಲ್ಲಿ ಇದ್ದವರು. ಎಲ್ಲರಿಗೂ ನಲವತ್ತು ದಾಟಿದೆ. ಗಂಡ ಮಕ್ಕಳನ್ನು ಬಿಟ್ಟು ಒಂದು ವಾರ ಹೋಗುತ್ತೇವೆ ಅಂದಾಗ ಮನೆಯಲ್ಲಿ ಎಲ್ಲರೂ ಗೋವಾ ಅಂದುಕೊಂಡರು. ಸ್ಕೀಯಿಂಗ್ ಅಂದಾಗ ನಮ್ಮತ್ತೆ ಕೇಳಿದ್ದು ಒಂದೇ ಮಾತು: "ಬಿದ್ದರೆ?"

ನವೆಂಬರ್‌ನಲ್ಲೇ ರೂಮು ಬುಕ್ ಮಾಡಿದ್ದೆವು. ಆಮೇಲೆ ಆ ಜನವರಿ ನೆನಪಿದೆ ಅಲ್ವಾ? ಚಿಲ್ಲೈ ಕಲಾನ್ ಅಂತ ಕಾಶ್ಮೀರದವರು ಕರೆಯುವ ನಲವತ್ತು ದಿನಗಳ ಕಡು ಚಳಿ ಡಿಸೆಂಬರ್ 21ಕ್ಕೆ ಶುರುವಾಗುತ್ತದೆ. ಆ ಸಲ ಚಳಿ ಬಂತು, ಹಿಮ ಬರಲಿಲ್ಲ. ಗುಲ್ಮಾರ್ಗ್‌ನ ಬಯಲು ಒಣಗಿದ ಹುಲ್ಲಿನ ಬಣ್ಣದಲ್ಲಿ ಟೀವಿಯಲ್ಲಿ ಕಾಣುತ್ತಿತ್ತು. ಬುಕಿಂಗ್ ರದ್ದಾದ ಸುದ್ದಿ ದಿನಾ. ನಮ್ಮ ಗುಂಪಿನಲ್ಲೂ ಕ್ಯಾನ್ಸಲ್ ಮಾಡೋಣವಾ ಅಂತ ವಾಟ್ಸಾಪ್ ಜಗಳ. ಜನವರಿ ಕೊನೆಯಲ್ಲಿ ಬಿತ್ತು ನೋಡಿ. ಜೂನ್‌ನಲ್ಲಿ ಬರಬೇಕಾದ ಮಳೆ ಜುಲೈ ಕೊನೆಗೆ ಬಂದರೆ ಊರಲ್ಲಿ ಅಪ್ಪನ ಮುಖ ಹೇಗಾಗುತ್ತಿತ್ತೋ, ನಾವು ಹೋದಾಗ ಗುಲ್ಮಾರ್ಗ್ ದಾರಿಯಲ್ಲಿ ಸಿಗುವ ಟಂಗ್‌ಮಾರ್ಗ್‌ ಊರಿನಲ್ಲಿ ಟೈರಿಗೆ ಚೈನು ಕಟ್ಟುತ್ತಿದ್ದ ಡ್ರೈವರ್‌ನ ಮುಖ ಹಾಗೇ ಇತ್ತು. ಹಿಮ ಅಲ್ಲಿನವರ ಬೆಳೆ. ಬರಲಿಲ್ಲ ಅಂದರೆ ಅವರಿಗೂ ಬರಗಾಲವೇ.

(ಹೋಗುವವರಿಗೆ ಒಂದು ಮಾತು. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಐದರಲ್ಲಿ ಮೂವರು ಇದನ್ನು ಮರೆತಿದ್ದೆವು. ಒಂದು ವಾರ ಫೋನಿಲ್ಲ, ಪುಣ್ಯಕ್ಕೆ.)

ಗುಲ್ಮಾರ್ಗ್‌ನ ಬಯಲೇ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930. ಗೊಂಡೊಲಾ ಅಂದರೆ ಅಲ್ಲಿನ ಕೇಬಲ್ ಕಾರು. ಅದರ ಎರಡನೇ ಹಂತ ಅಫರ್ವತ್ ಬೆಟ್ಟದಲ್ಲಿ ಸುಮಾರು 3,980 ಮೀಟರ್‌ಗೆ ಕರೆದೊಯ್ಯುತ್ತದೆ, ಅಂದರೆ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದನ್ನು ಇಟ್ಟ ಹಾಗೆ. ಒಂದು ದಿನಕ್ಕೆ ಬಂದವರು ಅರ್ಧ ದಿನ ಈ ಗೊಂಡೊಲಾದ ಕ್ಯೂನಲ್ಲೇ ಕಳೆಯುತ್ತಾರೆ. ಮೇಲೆ ಹೋಗಿ, ನಡುಗಿ, ಸೆಲ್ಫಿ ತೆಗೆದು, ಇಳಿದು, ಸಂಜೆಗೆ ಶ್ರೀನಗರ. "ಥೇಟ್ ಸ್ವಿಟ್ಜರ್ಲೆಂಡ್" ಅಂತ ಸ್ಟೇಟಸ್. ಈ ಸ್ವಿಟ್ಜರ್ಲೆಂಡ್ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. 1927ರಲ್ಲೇ ಬ್ರಿಟಿಷರು ಅಲ್ಲಿ ಸ್ಕೀ ಕ್ಲಬ್ ಆಫ್ ಇಂಡಿಯಾ ಕಟ್ಟಿದ್ದರು. ಹೆಚ್ಚುಕಮ್ಮಿ ನೂರು ವರ್ಷದಿಂದ ಸ್ಕೀ ಮಾಡುತ್ತಿರುವ ಜಾಗಕ್ಕೆ ಇನ್ನೊಂದು ಊರಿನ ಹೆಸರು ಯಾಕೆ?

ಸ್ಕೀ ಕಲಿಯುವುದು ಗೊಂಡೊಲಾದ ಮೇಲಲ್ಲ, ಕೆಳಗಿನ ಬಯಲಿನ ಇಳಿಜಾರಿನಲ್ಲಿ. ಬೇಸಿಗೆಯಲ್ಲಿ ಅಲ್ಲಿ ಗಾಲ್ಫ್ ಆಡುತ್ತಾರೆ. ಮೊದಲ ದಿನ ಬೂಟಿನದೇ ಕಥೆ. ಗಟ್ಟಿ ಪ್ಲಾಸ್ಟಿಕ್ಕು, ಮುಂದೆ ಲೋಹದ ಬಕಲ್‌ಗಳು, ಹಾಕಿಕೊಂಡರೆ ಕಣಕಾಲು ಅಲ್ಲಾಡುವುದೇ ಇಲ್ಲ. ಬಾಡಿಗೆ ಅಂಗಡಿಯಿಂದ ಇಳಿಜಾರಿಗೆ ನಡೆಯುವಷ್ಟರಲ್ಲಿ ಬೆವರು. ಆಮೇಲೆ ಬೂಟಿನ ಹಿಮ್ಮಡಿಯನ್ನು ಸ್ಕೀ ಮೇಲಿಟ್ಟು ಒತ್ತಬೇಕು, ಟಪ್ ಅಂತ ಕಚ್ಚಿಕೊಳ್ಳುತ್ತದೆ. ಆ ಕ್ಷಣದಿಂದ ಕಾಲು ನಮ್ಮದಲ್ಲ.

ನಮಗೆ ಕಲಿಸಿದವನು ಟಂಗ್‌ಮಾರ್ಗ್ ಕಡೆಯ ಹುಡುಗ, ಇಪ್ಪತ್ತೆರಡು ಇರಬಹುದು. ಫೆರನ್ ಅನ್ನುವ ಕಾಶ್ಮೀರಿ ನಿಲುವಂಗಿಯ ಒಳಗೆ ಕಾಂಗ್ರಿ ಹಿಡಿದುಕೊಂಡೇ ಪಾಠ ಶುರು. ಕಾಂಗ್ರಿ ಅಂದರೆ ಬೆತ್ತದ ಬುಟ್ಟಿಯೊಳಗೆ ಮಣ್ಣಿನ ಕುಡಿಕೆ, ಅದರಲ್ಲಿ ಕೆಂಡ. ನಮ್ಮ ಮಲೆನಾಡಿನ ಅಗ್ಗಿಷ್ಟಿಕೆಯನ್ನು ಅಂಗಿಯೊಳಗೆ ಇಟ್ಟುಕೊಂಡು ಓಡಾಡಿದ ಹಾಗೆ. ಅವನು ಮೊದಲು ಕಲಿಸಿದ್ದು ಬೀಳುವುದನ್ನು. ಪಕ್ಕಕ್ಕೆ ಬೀಳಬೇಕು, ಬೆಟ್ಟದ ಕಡೆಗೆ. ಏಳುವಾಗ ಸ್ಕೀ ಎರಡೂ ಇಳಿಜಾರಿಗೆ ಅಡ್ಡ ಇರಬೇಕು. ಇಲ್ಲದಿದ್ದರೆ ಎದ್ದ ತಕ್ಷಣ ಮತ್ತೆ ಪ್ರಯಾಣ.

ಎರಡನೆಯದು ಬ್ರೇಕು. ಸ್ಕೀ ತುದಿಗಳು ಹತ್ತಿರ, ಹಿಮ್ಮಡಿ ದೂರ, ಮಂಡಿ ಬಗ್ಗಿಸಿ, ಮೈಭಾರ ಮುಂದಕ್ಕೆ. ಹೇಳುವುದು ಸುಲಭ. ನಾನು ತೀರ್ಥಹಳ್ಳಿ ಕಡೆಯವಳು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಅಡಿಕೆ ದಬ್ಬೆ ಮೇಲೆ ನಡೆದೇ ಬೆಳೆದವಳು. ಜಾರಿದರೆ ಮೈ ಹಿಂದಕ್ಕೆ ವಾಲುವುದು ರಕ್ತದಲ್ಲೇ ಇದೆ. ಇಲ್ಲಿ ಹಿಂದಕ್ಕೆ ವಾಲಿದರೆ ಸ್ಕೀ ಬಾಣದ ಹಾಗೆ ಹೋಗುತ್ತದೆ. ಇಳಿಜಾರು ನೋಡಿ ಹೆದರಿಕೆ ಆದಾಗಲೇ ಇಳಿಜಾರಿನ ಕಡೆಗೆ ಬಾಗಬೇಕು. ಹುಡುಗ ಕೆಳಗಿನಿಂದ ಕೂಗುತ್ತಿದ್ದ, "ಆಗೇ ಝುಕೋ, ದೀದಿ, ಆಗೇ!" ಮುಂದಕ್ಕೆ ಬಾಗಿ ಅಕ್ಕಾ ಅಂತ. ನಲವತ್ತು ವರ್ಷದ ಅಭ್ಯಾಸ ಬಿಡಲು ನನಗೆ ಮೂರು ದಿನ ಹಿಡಿಯಿತು. ಅದಕ್ಕೇ ಹೇಳಿದ್ದು ಒಂದು ದಿನ ಸಾಲದು ಅಂತ.

ಮೇಲೆ ಹತ್ತಲು ಡ್ರ್ಯಾಗ್ ಲಿಫ್ಟ್ ಇದೆ. ಕೋಲಿನ ತುದಿಯ ತಟ್ಟೆಯನ್ನು ಎರಡು ಕಾಲಿನ ನಡುವೆ ಸಿಕ್ಕಿಸಿಕೊಂಡರೆ ಅದು ಎಳೆದುಕೊಂಡು ಹೋಗುತ್ತದೆ. ಸೀಟು ಅಂದುಕೊಂಡು ಕೂತರೆ ಬಿದ್ದಿರಿ. ನಮ್ಮ ಗುಂಪಿನ ಡಾಕ್ಟರಮ್ಮ ಎರಡು ಸಲ ಕೂತಳು. ಎರಡನೇ ಸಲ ಹಿಂದಿದ್ದವಳನ್ನೂ ಕೆಡವಿದಳು. "ಲೇ, ಕೂರಬೇಡ ಅಂದ್ನಲ್ಲೇ!" ಅಂತ ಹಿಮದಲ್ಲಿ ಮಲಗಿಕೊಂಡೇ ಜಗಳ. ಅವರಿಬ್ಬರೂ ರಾತ್ರಿ ಊಟದವರೆಗೆ ಮಾತಾಡಲಿಲ್ಲ.

ನಾಲ್ಕನೇ ದಿನ ಪೂರ್ತಿ ಹಿಮ ಸುರಿಯಿತು, ರೂಮಿನಲ್ಲೇ ಕೂತೆವು. ಉಪ್ಪು ಹಾಕಿದ ಗುಲಾಬಿ ಬಣ್ಣದ ನೂನ್ ಚಾಯ್ ನನಗೆ ಹಿಡಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಹೊಸ ಹಿಮ ಬಿದ್ದ ಮರುದಿನ ಗೊಂಡೊಲಾದ ಆಚೀಚೆ ಇಳಿಯುವವರ ಬಗ್ಗೆ ಹುಡುಗ ಸೀರಿಯಸ್ಸಾಗಿ ಮಾತಾಡಿದ. ಸ್ಕೀ ಮಾಡಲು ಗುರುತಿಸಿದ ಜಾಗ ದಾಟಿದರೆ ಹಿಮಕುಸಿತದ ಭಯ, ಜೀವಕ್ಕೆ ಅವರೇ ಹೊಣೆ. ನಾವು ವಾಪಸ್ ಬಂದು ಸ್ವಲ್ಪ ದಿನಕ್ಕೆ, ಅದೇ ತಿಂಗಳು, ಹಿಮಕುಸಿತದಲ್ಲಿ ರಷ್ಯಾದ ಸ್ಕೀಯರ್ ಒಬ್ಬರು ತೀರಿಕೊಂಡ ಸುದ್ದಿ ಓದಿದೆ. ನಮ್ಮ ಹುಡುಗನ ಮುಖವೇ ಕಣ್ಣ ಮುಂದೆ ಬಂತು.

ನಾವು ಕರ್ನಾಟಕದವರು ಅಂದಾಗ ಅವನು, "ಭವಾನಿ ಗೊತ್ತಾ?" ಅಂದ. ನಮಗೆ ಯಾರಿಗೂ ಗೊತ್ತಿರಲಿಲ್ಲ! ಕೊಡಗಿನ ತೆಕ್ಕಡ ಭವಾನಿ, ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಖೇಲೋ ಇಂಡಿಯಾ ಪದಕಗಳನ್ನು ನಮ್ಮ ರಾಜ್ಯಕ್ಕೆ ಗೆದ್ದವರು. ಹಿಮವೇ ಬೀಳದ ಊರಿನವರು. ಟಂಗ್‌ಮಾರ್ಗ್ ಹುಡುಗನಿಂದ ಅದನ್ನು ಕೇಳಿ ತಿಳಿಯಬೇಕಾಯಿತು.

ಆರನೇ ದಿನ ಮಧ್ಯಾಹ್ನ ನಾನು ಮೇಲಿನಿಂದ ಕೆಳಗಿನವರೆಗೆ ಬೀಳದೆ ಬಂದೆ. ಎಡಕ್ಕೆ ತಿರುಗಿದೆ, ಬಲಕ್ಕೆ ತಿರುಗಿದೆ, ಮುಖಕ್ಕೆ ಗಾಳಿ, ಸ್ಕೀ ಅಡಿಯಲ್ಲಿ ಸರ್ರ್ ಅನ್ನುವ ಸದ್ದು ಮಾತ್ರ. ಕೆಳಗೆ ಬಂದು ನಿಂತು, ಜಂಬದಿಂದ ಹಿಂದೆ ತಿರುಗಿ ನೋಡಿದೆ. ಧೊಪ್ಪನೆ ಬಿದ್ದೆ. ಮೊದಲು ಹೇಳಿದ ಫೋಟೊ ಅದೇ.

"ಅಯ್ಯಯ್ಯೋ, ಬಿದ್ರು ನೋಡ್ರೀ!" ಅಂತ ಕನ್ನಡ ಕೇಳಿಸಿತು. ದಾವಣಗೆರೆಯ ಪ್ಯಾಕೇಜ್ ಟೂರಿನವರು, ಬಾಡಿಗೆ ಕೋಟು, ಗಮ್‌ಬೂಟು. ಒಬ್ಬ ಅಮ್ಮ ಕೈ ಕೊಟ್ಟು ಎಬ್ಬಿಸಿದರು. ಮಾತಾಡಿದೆವು. ಅವರ ಕಣ್ಣೆಲ್ಲ ನನ್ನ ಸ್ಕೀ ಮೇಲೇ.

"ಇದನ್ನ ಕಲಿಯೋಕೆ ಎಷ್ಟು ದಿನ ಬೇಕಮ್ಮ?"

"ಒಂದು ವಾರ ಆದ್ರೂ ಬೇಕು, ಅಮ್ಮ."

"ಹೌದಾ," ಅಂದರು. ಒಮ್ಮೆ ಬಗ್ಗಿ ಸ್ಕೀ ಮುಟ್ಟಿ ನೋಡಿದರು. "ನಮ್ದು ನಾಲ್ಕು ಗಂಟೆಗೆ ಗಾಡಿ."