ಸೋತಿದ್ದಕ್ಕೂ ರಸೀದಿ ಬೇಕಂತೆ

ನಮ್ಮಕ್ಕನಿಗೆ ಬಾರಿಯಾಟ್ರಿಕ್ ಸರ್ಜರಿ (ತೂಕ ಇಳಿಸೋಕೆ ಹೊಟ್ಟೆಗೆ ಮಾಡೋ ಆಪರೇಷನ್) ಮಾಡಿಸಿ ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ. ಮಂಡಿನೋವು, ಏದುಸಿರು, ಮೇಲೆ ಶುಗರ್ ಬೇರೆ. ಇನ್ಶೂರೆನ್ಸ್‌ನವರ ಕಣ್ಣಿಗೆ ಮಾತ್ರ ಇದು ಶೋಕಿ.

ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡುವ ಐಆರ್‌ಡಿಎಐ 2019ರಲ್ಲಿ ಮಾಡಿದ ನಿಯಮದ ಪ್ರಕಾರ ಇದಕ್ಕೆ ಕ್ಲೇಮ್ ಸಿಗಬೇಕಾದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಕನಿಷ್ಠ 40 ಇರಬೇಕು. ಇಲ್ಲವೇ 35 ಇದ್ದು, ಜೊತೆಗೆ ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ) ಅಥವಾ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇರಬೇಕು. ಇಲ್ಲೇ ಇರೋದು ತಮಾಷೆ. ಅಕ್ಕ ಅನ್ನ ಬಿಟ್ಟು, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿ ಶುಗರ್ ಇಳಿಸಿಕೊಂಡರೆ "ಹತೋಟಿಯಲ್ಲಿದೆಯಲ್ಲ ಮೇಡಂ" ಅಂತಾರೆ. ಸುಮ್ನೆ ಹೋಳಿಗೆ ತಿಂದುಕೊಂಡು ಇದ್ದಿದ್ದರೆ ಕ್ಲೇಮ್ ಸಲೀಸಾಗಿ ಆಗುತ್ತಿತ್ತೇನೋ! ನಮ್ಮ ಭಾರತೀಯರ ಮೈಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುತ್ತದೆ, ಹಾಗಾಗಿ ಅದಿದ್ದವರಿಗೆ ಬಿಎಂಐ 32.5 ಸಾಕು ಅಂತ ಇಲ್ಲಿನ ಸರ್ಜನ್‌ಗಳೇ ಹೇಳುತ್ತಾರೆ. ಪಾಲಿಸಿ ಬರೆದವರಿಗೆ ಅದು ಕೇಳಿಸಿಲ್ಲ.

ಪಾಲಿಸಿ ತಗೊಂಡ ಮೇಲೆ ಕ್ಲೇಮಿಗೆ ಕಾಯಬೇಕಾದ ಎರಡು ಮೂರು ವರ್ಷದ ವೇಟಿಂಗ್ ಪೀರಿಯಡ್ಡಂತೂ ಇದ್ದೇ ಇದೆ, ಬಿಡಿ. ಅದನ್ನೂ ಕಾದು ಮುಗಿಸಿದ ಮೇಲೆ ಕಂಪನಿ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಟಿಪಿಎಯಿಂದ ಮೇಲ್ ಬಂತು: ಡಯಟ್, ವ್ಯಾಯಾಮ ಮಾಡಿಯೂ ತೂಕ ಇಳಿಯಲಿಲ್ಲ ಅನ್ನೋದಕ್ಕೆ ದಾಖಲೆ ಕೊಡಿ. ಬೆಳಗ್ಗೆ ಪಾರ್ಕಿನಲ್ಲಿ ಸುತ್ತು ಹಾಕಿದ್ದಕ್ಕೆ ಯಾರು ರಸೀದಿ ಕೊಡ್ತಾರೆ ಸ್ವಾಮಿ? ರಾಗಿ ಅಂಬಲಿ ಕುಡಿದಿದ್ದಕ್ಕೆ ಜಿಎಸ್‌ಟಿ ಬಿಲ್ ಎಲ್ಲಿಂದ ತರೋದು? ಅಕ್ಕ ಬೀರು ತಡಕಾಡಿ ಹಳೇ ಜಿಮ್ ಕಾರ್ಡ್ ಹುಡುಕಿ ಸ್ಕ್ಯಾನ್ ಮಾಡಿ ಕಳಿಸಿದಳು. ಅದರ ಮೇಲೆ ಸೀಲ್ ಇಲ್ಲವಂತೆ.