ಉಪ್ಪಿನಕಾಯಿ ಎಂದರೇನು? ಇಲ್ಲಿದೆ ಸಂಪೂರ್ಣ ಮಾಹಿತಿ!

ನನ್ನ ಭಾವ ಸಾಗರದಲ್ಲಿ ಮಿಡಿ ಉಪ್ಪಿನಕಾಯಿ ಮಾರುತ್ತಾರೆ. ಇಪ್ಪತ್ತೈದು ವರ್ಷದಿಂದ ಅದೇ ಕೆಲಸ. ಅಂಗಡಿಯ ಬೋರ್ಡಿನಲ್ಲಿ ಮೊದಲ ಅಕ್ಷರ ಮಳೆಗೆ ಅಳಿಸಿಹೋಗಿ 'ಪ್ಪಿನಕಾಯಿ' ಅಂತ ಉಳಿದಿದೆ. ಆದರೂ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನು ಕೇಳಿದರೂ ಆ ಕಡೆ ಕೈ ತೋರಿಸುತ್ತಾರೆ. ಹೀಗೆ ನೆಮ್ಮದಿಯಾಗಿದ್ದ ಮನುಷ್ಯನಿಗೆ ಕಳೆದ ವರ್ಷ ಮಗಳು ಒಂದು ವೆಬ್‌ಸೈಟ್ ಮಾಡಿಕೊಟ್ಟಳು.

ಎರಡೇ ದಿನ. ಬೆಂಗಳೂರಿಂದ ಒಬ್ಬ ಹುಡುಗನ ಫೋನು. "ಸರ್, ನಿಮ್ಮ ಸೈಟು ಗೂಗಲ್‌ನಲ್ಲಿ ಹನ್ನೊಂದನೇ ಪುಟದಲ್ಲಿದೆ." ಭಾವನಿಗೆ ಖುಷಿಯೋ ಖುಷಿ. ಪೇಪರಿನಲ್ಲಿ ಹನ್ನೊಂದನೇ ಪುಟ ಅಂದರೆ ಕ್ರೀಡಾಪುಟದ ಅಕ್ಕಪಕ್ಕ, ಒಳ್ಳೆ ಜಾಗವೇ ಸಿಕ್ಕಿತಲ್ಲ ಅಂದುಕೊಂಡರು. ಹುಡುಗ ಆ ಖುಷಿಯನ್ನು ಅಲ್ಲೇ ಚಿವುಟಿದ. ಎರಡನೇ ಪುಟಕ್ಕೇ ಯಾರೂ ಹೋಗಲ್ಲ ಸರ್, ಹನ್ನೊಂದನೇ ಪುಟ ಅಂದರೆ ನೀವು ಇಲ್ಲ ಅಂತಲೇ ಲೆಕ್ಕ, ನಾವು ಎಸ್‌ಇಒ, ಅಂದರೆ ಹುಡುಕಿದಾಗ ಸೈಟು ಮೇಲೆ ಕಾಣುವ ಹಾಗೆ ಮಾಡುವ ಕೆಲಸ, ಮಾಡಿ 90 ದಿನದಲ್ಲಿ ಮೊದಲ ಪುಟದ ಮೊದಲ ಸ್ಥಾನಕ್ಕೆ ತರುತ್ತೇವೆ, ತಿಂಗಳಿಗೆ ಬರೀ 12,000, ಗ್ಯಾರಂಟಿ.

ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್ಲೇ ತನ್ನ ಸೂಚನೆಗಳಲ್ಲಿ ಬರೆದಿಟ್ಟಿದೆ. ಅಂಥ ಮಾತು ಹೇಳುವವರಿಂದ ದೂರ ಇರಿ ಅಂತಲೂ ಅಲ್ಲೇ ಇದೆ. ಆದರೆ ಅದನ್ನು ಹುಡುಕಿ ಓದಬೇಕಲ್ಲ. ಹುಡುಕಿದರೆ ಮೇಲೆ ಕಾಣುವುದು ಗ್ಯಾರಂಟಿ ಕೊಡುವವರ ಜಾಹೀರಾತು.

ನಾನು ಈ ಕತೆಯೊಳಗೆ ಬಿದ್ದಿದ್ದು ಅಕ್ಕನ ದೆಸೆಯಿಂದ. "ನೀನು ಏನೇನೋ ಬರೀತಾ ಇರ್ತೀಯಲ್ಲ, ಇದನ್ನೂ ಬರೆದುಕೊಡು" ಅಂದಳು. ಏನು ಬರೆಯೋದು? ಅಕ್ಕನ ಮಗಳು ಆಗಲೇ ನಾಲ್ಕು ಸಾಲು ಹಾಕಿದ್ದಳು. ತೊಟ್ಟು ಸಮೇತ ಕೈಯಲ್ಲಿ ಕೊಯ್ದ ಮಿಡಿಯನ್ನೇ ತಗೊಳ್ತೇವೆ, ಉದುರಿದ ಕಾಯಿ ಹಾಕಲ್ಲ, ಸೊನೆ ಹೋದರೆ ಪರಿಮಳ ಹೋಯ್ತು, ಕಿಲೋಗೆ ಇಷ್ಟು, ಬೇಕಾದವರು ಫೋನ್ ಮಾಡಿ. ಇದಕ್ಕಿಂತ ಜಾಸ್ತಿ ಯಾರಿಗೆ ಏನು ಬೇಕು? ಹುಡುಗ ಒಪ್ಪಲಿಲ್ಲ. ಕಂಟೆಂಟ್ ತೆಳುವಾಗಿದೆಯಂತೆ. ತೆಳುವಾಗೋಕೆ ಅದೇನು ಮಜ್ಜಿಗೆಯಾ! ಕನಿಷ್ಠ 1500 ಪದ ಇರಲೇಬೇಕು ಅಂತ ಹಠ. ಇಂತಿಷ್ಟೇ ಪದ ಇರಬೇಕೆಂಬ ನಿಯಮ ಇಲ್ಲ ಅಂತಲೂ ಗೂಗಲ್ ಹೇಳಿದೆ. ಪಾಪ, ಗೂಗಲ್ ಮಾತನ್ನು ಗೂಗಲ್ ಹೆಸರಲ್ಲಿ ದುಡಿಯುವವರೇ ಕೇಳಲ್ಲ.

ಬರೆದೆ. 'ಅತ್ಯುತ್ತಮ ಅಪ್ಪೆಮಿಡಿ ಉಪ್ಪಿನಕಾಯಿ' ಅನ್ನೋದು ಕೀವರ್ಡ್, ಅಂದರೆ ಜನ ಹುಡುಕುವಾಗ ಟೈಪ್ ಮಾಡುವ ಪದ, ಅದು ಹದಿನೈದು ಸಲ ಬರಬೇಕು ಅಂತ ಆಜ್ಞೆಯಾಗಿತ್ತು. ಹಾಗಾಗಿ ಇಂಥದ್ದು ಹೊರಬಂತು: "ನೀವು ಅತ್ಯುತ್ತಮ ಅಪ್ಪೆಮಿಡಿ ಉಪ್ಪಿನಕಾಯಿ ಹುಡುಕುತ್ತಿದ್ದೀರಾ? ಅತ್ಯುತ್ತಮ ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲಿ ಸಿಗುತ್ತದೆ ಎಂಬ ಗೊಂದಲವೇ? ಹಾಗಾದರೆ ಅತ್ಯುತ್ತಮ ಅಪ್ಪೆಮಿಡಿ ಉಪ್ಪಿನಕಾಯಿ ಕುರಿತ ಈ ಲೇಖನ ನಿಮಗಾಗಿ." ಭಾವ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಓದಿ, "ಎಂತ ಮಾರಾಯ, ಬರೆಯುವಾಗ ಬಿಕ್ಕಳಿಕೆ ಬಂದಿತ್ತಾ?" ಅಂತ ಕೇಳಿದರು.

ಕೊನೆಗೆ ಪ್ರಶ್ನೋತ್ತರವೂ ಬೇಕಂತೆ. ಜನ ಕೇಳುವ ಪ್ರಶ್ನೆಗಳು ಅಂತ ಹುಡುಗ ಒಂದು ಪಟ್ಟಿ ಕಳಿಸಿದ. ಉಪ್ಪಿನಕಾಯಿ ಎಂದರೇನು? ಉಪ್ಪಿನಕಾಯಿಯನ್ನು ತಿನ್ನುವುದು ಹೇಗೆ? ಉಪ್ಪಿನಕಾಯಿಯಲ್ಲಿ ಉಪ್ಪು ಇರುತ್ತದೆಯೇ? ಕನ್ನಡದಲ್ಲಿ 'ಉಪ್ಪಿನಕಾಯಿ' ಅಂತ ಟೈಪ್ ಮಾಡುವಷ್ಟು ಕನ್ನಡ ಬಂದು, ಅದನ್ನು ತಿನ್ನೋದು ಹೇಗೆ ಅಂತ ಗೊತ್ತಿಲ್ಲದ ಆ ಮಹಾಶಯ ಯಾರು ಅಂತ ನಾನು ಇವತ್ತಿಗೂ ಹುಡುಕುತ್ತಿದ್ದೇನೆ. ಸಿಕ್ಕಿದರೆ ಊಟಕ್ಕೆ ಕರೆಯಬೇಕು.

ಇದು ನಮ್ಮ ಮನೆಯ ಕತೆ ಮಾತ್ರ ಅಲ್ಲ ಬಿಡಿ. ಹಬ್ಬದ ಹಿಂದಿನ ದಿನ ಮೈಸೂರು ಪಾಕ್ ಮಾಡಲು ಹೊರಟು, ಒಲೆಯ ಮೇಲೆ ಸಕ್ಕರೆ ಕುದಿಯುತ್ತಿರುವಾಗ, ಪಾಕ ಒಂದೆಳೆಯಾ ಎರಡೆಳೆಯಾ ಅಂತ ಮೊಬೈಲಿನಲ್ಲಿ ಹುಡುಕಿ ನೋಡಿ. ಮೊದಲು ಅರಮನೆಯ ಅಡುಗೆಮನೆ ಬರುತ್ತದೆ. ಆಮೇಲೆ ಬರೆದವರ ಅಜ್ಜಿ. ಅಜ್ಜಿಯ ಕೈರುಚಿ, ಅಜ್ಜಿಯ ಊರು, ಮಧ್ಯೆ ಎರಡು ಜಾಹೀರಾತು, ತುಪ್ಪದ ಲಾಭಗಳು. ನೀವು ಬೆರಳಲ್ಲಿ ತಳ್ಳುತ್ತಾ ತಳ್ಳುತ್ತಾ ಉತ್ತರದ ಹತ್ತಿರ ಬರುವಷ್ಟರಲ್ಲಿ ಪಾಕ ಕಲ್ಲಾಗಿರುತ್ತದೆ. ಸುತ್ತಿಗೆ ತಗೊಂಡು ಹೊಡೆಯೋದೊಂದೇ ಬಾಕಿ.

ಮಳೆಗಾಲದಲ್ಲಿ ನಮ್ಮ ಕಡೆ ಇನ್ನೂ ಮಜಾ. "ನಾಳೆ ಶಾಲೆಗೆ ರಜೆ ಇದೆಯಾ? ಇಲ್ಲಿದೆ ಬಿಗ್ ಅಪ್‌ಡೇಟ್!" ಅಂತ ತಲೆಬರಹ. ಇಡೀ ಮನೆ ಸುತ್ತ ಕೂತು ಓದುತ್ತದೆ. ಮುಂಗಾರು ಅಂದರೇನು, ಹವಾಮಾನ ಇಲಾಖೆ ಅಂದರೇನು, ರೆಡ್ ಅಲರ್ಟ್ ಅಂದರೇನು, ಹೋದ ವರ್ಷ ಯಾವಾಗ ರಜೆ ಕೊಟ್ಟಿದ್ದರು. ಎಂಟನೇ ಪ್ಯಾರಾದ ಕೊನೆಯ ಸಾಲು: ಈ ಬಗ್ಗೆ ಜಿಲ್ಲಾಡಳಿತ ಇನ್ನೂ ಆದೇಶ ಹೊರಡಿಸಿಲ್ಲ. ಅಷ್ಟೇ! ಆ ಹೊತ್ತಿಗೆ ಪಕ್ಕದ ಮನೆ ಹುಡುಗ ಶಾಲೆಯ ವಾಟ್ಸಾಪ್ ಗುಂಪು ನೋಡಿ ಆಗಲೇ ಕುಣಿಯುತ್ತಿರುತ್ತಾನೆ.

ಮೊದಲಿಂದಲೂ ಹೀಗೇ ಇತ್ತು ಅನ್ನೋಕೂ ಆಗಲ್ಲ. 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್, ಪುಟಗಳಿಗೆ ಸ್ಥಾನ ಕೊಡುವ ತಮ್ಮ ಲೆಕ್ಕಾಚಾರವಾದ 'ಪೇಜ್‌ರ‍್ಯಾಂಕ್' ಬಗ್ಗೆ ಬರೆದಾಗ ಅದರ ಒಳಗುಟ್ಟು ನಮಗೆಲ್ಲ ಗೊತ್ತಿರುವುದೇ ಆಗಿತ್ತು. ಗಂಡಿನ ಬಗ್ಗೆ ವಿಚಾರಿಸುವಾಗ ನಾವು ಏನು ಮಾಡುತ್ತೇವೆ? ಊರಲ್ಲಿ ನಾಲ್ಕು ಜನರನ್ನು ಕೇಳುತ್ತೇವೆ. ಅದರಲ್ಲೂ ನಾಲ್ಕು ಜನ ಗೌರವ ಕೊಡುವ ಮೇಷ್ಟ್ರು "ಒಳ್ಳೆ ಹುಡುಗ" ಅಂದರೆ ತೂಕ ಜಾಸ್ತಿ. ಹಾಗೆಯೇ ಒಂದು ಪುಟಕ್ಕೆ ಬೇರೆ ಎಷ್ಟು ಪುಟಗಳು ಕೊಂಡಿ (ಲಿಂಕ್) ಹಾಕಿವೆ, ಹಾಕಿದವರ ಯೋಗ್ಯತೆ ಎಷ್ಟು ಅಂತ ನೋಡುವುದು. ಸರಿಯಾಗೇ ಇತ್ತು. ಆಮೇಲೆ ಗಂಡಿನ ಕಡೆಯವರೇ ಮೊದಲು ಹೋಗಿ ಆ ನಾಲ್ಕು ಜನಕ್ಕೆ ಕಾಫಿ ಕುಡಿಸಿ ಬರಲು ಶುರುಮಾಡಿದರು. ದುಡ್ಡು ಕೊಟ್ಟು ಕೊಂಡಿ ಹಾಕಿಸಿಕೊಳ್ಳುವ ಇದಕ್ಕೆ ಬ್ಯಾಕ್‌ಲಿಂಕ್ ವ್ಯಾಪಾರ ಅಂತ ಹೆಸರು.

ದೊಡ್ಡವರೂ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ. ಅಮೆರಿಕದ ಜೆ.ಸಿ. ಪೆನ್ನಿ ಅನ್ನುವ ಹಳೇ ಮಳಿಗೆ, ಬಟ್ಟೆ ಹುಡುಕಿದರೂ ಅದೇ, ಹಾಸಿಗೆ ಹೊದಿಕೆ ಹುಡುಕಿದರೂ ಅದೇ ಮೇಲೆ. ಸಂಬಂಧವೇ ಇಲ್ಲದ ಸಾವಿರಾರು ಪುಟಗಳಲ್ಲಿ ಅದರ ಕೊಂಡಿ ತುರುಕಿದ್ದರು ಅಂತ 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆಯಿತು. ನಮಗೇನೂ ಗೊತ್ತಿಲ್ಲ ಅಂದ ಕಂಪನಿ, ಎಸ್‌ಇಒ ಮಾಡುತ್ತಿದ್ದವರನ್ನು ಮನೆಗೆ ಕಳಿಸಿತು. ಗೂಗಲ್ ಅದನ್ನು ಕೆಳಗೆ ತಳ್ಳಿತು. ಅದಕ್ಕೂ ಮುಂಚೆ 2006ರಲ್ಲಿ ಬಿಎಂಡಬ್ಲ್ಯೂ ಕಂಪನಿಯ ಜರ್ಮನಿ ಸೈಟನ್ನೇ ಗೂಗಲ್ ಪಟ್ಟಿಯಿಂದ ಕಿತ್ತುಹಾಕಿತ್ತು. ಗೂಗಲ್‌ನ ಯಂತ್ರ ಓದಲು ಬಂದರೆ ತೋರಿಸಲು 'ಹಳೇ ಕಾರು ಹಳೇ ಕಾರು' ಅಂತ ಜಪ ಮಾಡುವ ಒಂದು ಪುಟ, ಮನುಷ್ಯರು ಬಂದರೆ ಬೇರೆಯದೇ ಪುಟ. ಅಷ್ಟು ದುಬಾರಿ ಕಾರು ಮಾಡುವವರಿಗೂ ಇಂಥ ಪಡಿಪಾಟಲು ನೋಡಿ. ನಮ್ಮ ಭಾವನ ಉಪ್ಪಿನಕಾಯಿಗೆ ಈಗ ಯಾವುದೋ ದೇಶದ ಟೈರ್ ಅಂಗಡಿ, ಒಂದು ನಾಯಿಮರಿ ತರಬೇತಿ ಶಾಲೆ, ಎರಡು ಜೂಜಿನ ಸೈಟು ಕೊಂಡಿ ಹಾಕಿವೆ. ಹೆಣ್ಣು ಕೊಡುವವರು ಇವರನ್ನು ಕೇಳಿದರೆ ದೇವರೇ ಗತಿ.

ಮುಂದಿನ ತಿಂಗಳು ಹುಡುಗ ಹೊಸ ಸಲಹೆ ತಂದ: ಅಂಗಡಿ ಹೆಸರನ್ನೇ ಬದಲಾಯಿಸಿ. ಜನ 'ನಿಯರ್ ಮಿ', ಅಂದರೆ ನನ್ನ ಹತ್ತಿರ, ಅಂತ ಸೇರಿಸಿ ಹುಡುಕುತ್ತಾರಂತೆ. ನಗಬೇಡಿ, ನ್ಯೂಯಾರ್ಕಿನಲ್ಲಿ ಒಂದು ಹೋಟೆಲಿನ ಹೆಸರೇ 'ಥಾಯ್ ಫುಡ್ ನಿಯರ್ ಮಿ'. ನಿಜವಾದ ಹೋಟೆಲು, ನಿಜವಾದ ಬೋರ್ಡು. ಭಾವ ಸ್ವಲ್ಪ ಹೊತ್ತು ಯೋಚಿಸಿ, "ಈಗ ಇರೋ ಬೋರ್ಡಿಗೇ ಒಂದು 'ಉ' ಬರೆಸಬೇಕು ಅಂತ ನಾಲ್ಕು ವರ್ಷದಿಂದ ಅಂದುಕೊಂಡಿದ್ದೇನೆ" ಅಂದರು.

ಯಂತ್ರಕ್ಕಾಗಿ ಬರೆದದ್ದನ್ನು ಯಂತ್ರವೇ ನಂಬಿಬಿಟ್ಟರೆ ಏನಾಗುತ್ತದೆ ಅನ್ನೋದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. 2021ರ ಜೂನ್ 3 ನೆನಪಿದೆಯಲ್ವಾ? ಭಾರತದ ಅತಿ ಕುರೂಪಿ ಭಾಷೆ ಯಾವುದು ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ಡಬ್ಬಿ ಕಟ್ಟಿ, ದಪ್ಪಕ್ಷರದಲ್ಲಿ, ಕನ್ನಡ ಅಂತ ತೋರಿಸುತ್ತಿತ್ತು. ಅದು ಗೂಗಲ್‌ನ ಸಂಶೋಧನೆ ಅಲ್ಲ, ಯಾವುದೋ ಒಂದು ಸೈಟಿನಲ್ಲಿ ಯಾರೋ ಹೀಗೇ ಪ್ರಶ್ನೋತ್ತರ ಮಾಡಿಟ್ಟಿದ್ದರು. ಆ ಸೈಟಿಗೂ ಭಾಷಾಶಾಸ್ತ್ರಕ್ಕೂ ಏನು ಸಂಬಂಧ ಅಂದರೆ, ಭಾವನ ಉಪ್ಪಿನಕಾಯಿಗೂ ನಾಯಿಮರಿ ತರಬೇತಿಗೂ ಇರುವಷ್ಟು. ಪ್ರಶ್ನೆ ಇತ್ತು, ಕೆಳಗೆ ಉತ್ತರದ ಥರ ಕಾಣುವ ಒಂದು ಸಾಲು ಇತ್ತು, ಯಂತ್ರಕ್ಕೆ ಅಷ್ಟು ಸಾಕಾಯಿತು. ಶಾಸ್ತ್ರೀಯ ಸ್ಥಾನ ಪಡೆಯಲು ಕನ್ನಡ 2008ರ ತನಕ ಕಾಗದ ಪತ್ರ ಹಿಡಿದು ದೆಹಲಿಗೆ ಅಲೆಯಬೇಕಾಯಿತು. ಕುರೂಪಿ ಅನ್ನಿಸಿಕೊಳ್ಳಲು ಒಂದು ಪ್ಯಾರಾ ಸಾಕಾಯ್ತು, ಅದೂ ಅರ್ಜಿ ಹಾಕದೆ.

ಅವತ್ತು ಇಡೀ ರಾಜ್ಯಕ್ಕೆ ಸಿಟ್ಟು ಬಂತು. ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಮಾತಾಡಿದರು, ಗೂಗಲ್ ಅದನ್ನು ತೆಗೆದುಹಾಕಿ ಕ್ಷಮೆ ಕೇಳಿತು. ಅಲ್ಲಿಯವರೆಗೆ ಸರಿ. ಆದರೆ ಅದೇ ಸಂಜೆ ನಮ್ಮವರು ಏನು ಮಾಡಿದರು ಅಂತೀರಿ? ಅದೇ ಪ್ರಶ್ನೆಯನ್ನು ತಾವೂ ಒಂದು ಸಲ ಟೈಪ್ ಮಾಡಿ ನೋಡಿದರು. ನಾನೂ ನೋಡಿದೆ, ಸುಳ್ಳು ಯಾಕೆ ಹೇಳಲಿ. ಆ ಪ್ರಶ್ನೆಯನ್ನು ಅದಕ್ಕೂ ಮುಂಚೆ ಎಷ್ಟು ಜನ ಕೇಳಿದ್ದರೋ, ಅವತ್ತಂತೂ ಸ್ವತಃ ಕನ್ನಡಿಗರೇ ಅದಕ್ಕೆ ಬೇಡಿಕೆ ತಂದುಕೊಟ್ಟರು. ಇಂಥದ್ದೇ ಬೇಡಿಕೆ ನೋಡಿಕೊಂಡೇ ನಮ್ಮ ಹುಡುಗ ಪಟ್ಟಿ ಮಾಡೋದು.

ಗೂಗಲ್ ಸುಮ್ಮನೆ ಕೂತಿಲ್ಲ, ಒಪ್ಪುತ್ತೇನೆ. ಪುಟದ ಹಿಂದೆ ಬಚ್ಚಿಡುವ ಕೀವರ್ಡ್ ಪಟ್ಟಿಯನ್ನು ನಾವು ನೋಡುವುದೇ ಇಲ್ಲ ಅಂತ 2009ರಲ್ಲೇ ಹೇಳಿತು. ನಮ್ಮ ಹುಡುಗ ಈಗಲೂ ಅದನ್ನು ತುಂಬಿಸುವುದಕ್ಕೆ ಬೇರೆ ಬಿಲ್ ಹಾಕುತ್ತಾನೆ. ಮನುಷ್ಯರಿಗಾಗಿ ಬರೆಯಿರಿ, ನಮಗಾಗಿ ಅಲ್ಲ ಅಂತ 2022ರಲ್ಲಿ ಮತ್ತೆ ಹೇಳಿತು. ಆಗ ಮನುಷ್ಯರಿಗಾಗಿ ಬರೆದ ಹಾಗೆ ಯಂತ್ರಕ್ಕೆ ಕಾಣುವಂತೆ ಬರೆಯುವುದು ಹೇಗೆ ಅಂತ ಲೇಖನಗಳು ಬಂದವು. 2024ರ ಆಗಸ್ಟಿನಿಂದ ನಮ್ಮ ದೇಶದಲ್ಲೂ ಹುಡುಕಿದ ಕೂಡಲೇ ಗೂಗಲ್‌ನ ಎಐ ತಾನೇ ಎಲ್ಲವನ್ನೂ ಓದಿ ಮೇಲೆ ನಾಲ್ಕು ಸಾಲಿನ ಸಾರಾಂಶ ಕೊಡುತ್ತಿದೆ. ಅಂದರೆ ಅಕ್ಕನ ಮಗಳ ನಾಲ್ಕು ಸಾಲನ್ನು ನಾನು ಎಳೆದು 1500 ಪದ ಮಾಡೋದು, ಅದನ್ನು ಎಐ ಹಿಂಡಿ ಮತ್ತೆ ನಾಲ್ಕು ಸಾಲು ಮಾಡೋದು. ಮಧ್ಯದಲ್ಲಿ ತಿಂಗಳಿಗೆ 12,000.

90 ದಿನ ಮುಗಿದ ಮೇಲೆ ವರದಿ ಬಂತು, ಬಣ್ಣಬಣ್ಣದ ನಕ್ಷೆ, ಮೇಲೆ ಹೋಗುವ ಬಾಣ. ನೀವು ಮೊದಲ ಸ್ಥಾನದಲ್ಲಿದ್ದೀರಿ, ಅಭಿನಂದನೆ! ಯಾವುದಕ್ಕೆ ಅಂತ ನೋಡಿದರೆ, ಅಂಗಡಿಯ ಪೂರ್ತಿ ಹೆಸರು, ಭಾವನ ಹೆಸರು, ರಸ್ತೆ, ಸಾಗರ, ಇಷ್ಟನ್ನೂ ಒಟ್ಟಿಗೆ ಟೈಪ್ ಮಾಡಿದರೆ ಮೊದಲು ಬರುತ್ತದೆ. ಅಷ್ಟೆಲ್ಲ ಗೊತ್ತಿರುವವನು ಸೀದಾ ಅಂಗಡಿಗೇ ಬರಲ್ವಾ!

ಭಾವ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. ಮೊನ್ನೆ ಅವರಿಗೆ ಇನ್ನೊಂದು ಫೋನು ಬಂತು, ಬೇರೆ ಕಂಪನಿ, ಬೇರೆ ಹುಡುಗ. "ಸರ್, ನಿಮ್ಮ ಸೈಟು ಹದಿಮೂರನೇ ಪುಟದಲ್ಲಿದೆ." ಭಾವ ಕೇಳಿದರು, "ಅಷ್ಟು ಒಳಗಡೆ ತನಕ ಬಂದು ಹುಡುಕಿದ್ದೀಯಲ್ಲ ಮಾರಾಯ, ಊಟ ಆಯ್ತಾ? ಎಲ್ಲಿ ಇರೋದು? ಪೀಜಿನಾ? ಅಲ್ಲಿ ಉಪ್ಪಿನಕಾಯಿ ಎಂತದು ಹಾಕ್ತಾರೆ?" ಹತ್ತು ನಿಮಿಷ ಮಾತಾಡಿದರು. ಹುಡುಗನದ್ದು ಹೊಸನಗರದ ಕಡೆ ಅಂತ ಗೊತ್ತಾಯಿತು. ವೆಬ್‌ಸೈಟ್ ಶುರುವಾದ ಮೇಲೆ ಫೋನಿನಲ್ಲಿ ಬಂದ ಮೊದಲ ಆರ್ಡರ್ ಅದೇ: ಜೀರಿಗೆ ಮಿಡಿ, ಅರ್ಧ ಕಿಲೋ, ಕೊರಿಯರ್ ಬೇರೆ.